ಸ್ವಮತನಿಷ್ಠೆಯೂ ಪರಮತಗೌರವವೂ

ಹಿಂದೂವಾಗಿದ್ದುಕೊಂಡೇ ಮತ್ತೊಂದು ಮತವನ್ನೂ ಅನುಸರಿಸಬಹುದೆ ಎಂಬ ಪ್ರಶ್ನೆಯನ್ನು ಆಸ್ತಿಕ ಮನೆಗಳಲ್ಲಿ ಈಗ ಆಗಾಗ ಕೇಳುತ್ತೇವೆ. ಪರದೇಶದಲ್ಲಿರುವ ಮಗನು ಕ್ರೈಸ್ತ ಕನ್ಯೆಯನ್ನು ವರಿಸಿ, ಏಕಾದಶಿಯನ್ನೂ ಬಿಡದೆ ಭಾನುವಾರದ ಚರ್ಚನ್ನೂ ಬಿಡದೆ ಇರುವಾಗ, ತಂದೆತಾಯಿಗಳಿಗೆ ಇದು ಬರಿಯ ತರ್ಕದ ವಿಷಯವಲ್ಲ. ಮನೆಯ ಸಾಲಿಗ್ರಾಮಪೂಜೆಗೆ ಮುಂದೆ ಯಾರು ಎಂಬ ಚಿಂತೆಯು ಅದರ ಹಿಂದಿದೆ.

‘ಹಿಂದೂ’ ಶಬ್ದವು ಬಹಳ ವಿಶಾಲವಾದುದು. 1955ರ ಹಿಂದೂ ವಿವಾಹ ಕಾಯಿದೆಯು ಬೌದ್ಧ, ಜೈನ, ಸಿಖ್ಖರಿಗೂ ಅನ್ವಯಿಸುತ್ತದೆ. ಆದರೆ ಕಾಯಿದೆಯು ಹೇಳುವ ಹಿಂದುತ್ವ ಬೇರೆ, ತಪ್ತಮುದ್ರೆಯನ್ನು ಧರಿಸಿ ನಾವು ಅಂಗೀಕರಿಸಿದ ವೈಷ್ಣವದೀಕ್ಷೆ ಬೇರೆ. ಹರಿಸರ್ವೋತ್ತಮತ್ವವನ್ನೂ ಪಂಚಭೇದವನ್ನೂ ತಾರತಮ್ಯವನ್ನೂ ಬದಿಗಿರಿಸಿ ಮಾಧ್ವನೆನಿಸಿಕೊಳ್ಳುವುದು ಸಾಧ್ಯವಿಲ್ಲ. ಎಲ್ಲ ಮತಗಳೂ ಒಂದೇ ಎಂಬುದು ಶ್ರೀಮದಾಚಾರ್ಯರ ಮಾತಲ್ಲ. ಬ್ರಹ್ಮಸೂತ್ರಭಾಷ್ಯದ ಎರಡನೆಯ ಅಧ್ಯಾಯದ ಎರಡನೆಯ ಪಾದದಲ್ಲಿ ಬೌದ್ಧ, ಜೈನ, ಪಾಶುಪತಾದಿ ಸಮಯಗಳನ್ನು ಅವರು ಒಂದೊಂದಾಗಿ ನಿರಾಕರಿಸಿದ್ದಾರೆ.

ಇಷ್ಟನ್ನೇ ಓದಿದವನು ಧರ್ಮಸ್ಥಳಕ್ಕೆ ಹೋದರೆ ಬೆರಗಾಗುವನು. ಅಲ್ಲಿ ಆರಾಧ್ಯನು ಮಂಜುನಾಥ, ಶಿವಲಿಂಗ. ಅರ್ಚಕರು ಮಾಧ್ವರು. ಧರ್ಮಾಧಿಕಾರಿಗಳಾದ ಹೆಗ್ಗಡೆಯವರ ಮನೆತನವು ಜೈನ. ಅದೇ ಕ್ಷೇತ್ರದಲ್ಲಿ ಚಂದ್ರನಾಥಸ್ವಾಮಿಯ ಬಸದಿಯಿದೆ, 1982ರಲ್ಲಿ ಪ್ರತಿಷ್ಠೆಗೊಂಡ 39 ಅಡಿಯ ಬಾಹುಬಲಿಯೂ ಇದ್ದಾನೆ. ಹಿಂದೆ ಕುಡುಮವೆನಿಸಿದ್ದ ಈ ಊರಿಗೆ ಸೋದೆ ಮಠದ ಶ್ರೀವಾದಿರಾಜರು ದಯಮಾಡಿಸಿ, ಲಿಂಗವನ್ನು ಶಾಸ್ತ್ರೋಕ್ತವಾಗಿ ಪ್ರತಿಷ್ಠಾಪಿಸಿ, ಧರ್ಮಸ್ಥಳವೆಂದು ಹೆಸರಿಟ್ಟರೆಂದು ಐತಿಹ್ಯವಿದೆ. ಜೈನಮತದ ಖಂಡನೆಯನ್ನು ಪಾಠ ಕೇಳಿದ ಯತಿಗಳೇ ಜೈನ ಗೃಹಸ್ಥನ ಆಹ್ವಾನವನ್ನು ಮನ್ನಿಸಿದರು!

ಇಲ್ಲಿ ಯಾರೂ ಎರಡು ಮತಗಳನ್ನು ಅನುಸರಿಸುತ್ತಿಲ್ಲವೆಂಬುದೇ ನಾವು ಗಮನಿಸಬೇಕಾದುದು. ಹೆಗ್ಗಡೆಯವರು ಜೈನರಾಗಿಯೇ ಉಳಿದು ಶಿವಾಲಯವನ್ನು ಕಾಯುತ್ತಾರೆ. ಮಾಧ್ವನು ರುದ್ರದೇವರನ್ನು ವೈಷ್ಣವೋತ್ತಮರೆಂದು ಭಾವಿಸಿ, ಅವರ ಅಂತರ್ಯಾಮಿಯಾದ ಶ್ರೀಹರಿಯ ಅನುಸಂಧಾನದಿಂದ ಪೂಜಿಸುತ್ತಾನೆ. ಅಭಿಪ್ರಾಯಭೇದವನ್ನು ಯಾರೂ ಮುಚ್ಚಿಡಲಿಲ್ಲ; ಅದು ಬಾಗಿಲಿಗೆ ಅಡ್ಡವಾಗಲೂ ಇಲ್ಲ.

ಆದುದರಿಂದ ಮಗನು ಪತ್ನಿಯೊಡನೆ ಚರ್ಚಿಗೆ ಹೋಗಿ ವಿನಯದಿಂದ ಕುಳಿತು ಬಂದರೆ ಅದನ್ನು ಮತಾಂತರವೆಂದು ಕರೆಯುವುದು ನಮಗೆ ಸರಿಯೆಂದು ತೋರುವುದಿಲ್ಲ. ದೀಕ್ಷಾಸ್ನಾನದ ಮಾತೇ ಬೇರೆ. ಅಲ್ಲಿ ಯೇಸುವೊಬ್ಬನೇ ರಕ್ಷಕನೆಂದು ಪ್ರತಿಜ್ಞೆ ಮಾಡಬೇಕು. ಶಂಖಚಕ್ರಾಂಕಿತನಾದವನು ಆ ಪ್ರತಿಜ್ಞೆಯನ್ನು ಪ್ರಾಮಾಣಿಕವಾಗಿ ಹೇಗೆ ಮಾಡಿಯಾನು? ಇದು ನಮ್ಮೊಬ್ಬರ ಕಟ್ಟುನಿಟ್ಟೂ ಅಲ್ಲ. ಕ್ಯಾಥೊಲಿಕರೂ ದೀಕ್ಷಾಸ್ನಾನವಾಗದವರಿಗೆ ಪರಮಪ್ರಸಾದವನ್ನು ಕೊಡುವುದಿಲ್ಲ. ಎರಡನ್ನೂ ಹಿಡಿದೇನೆಂಬವನು ಎರಡು ಕಡೆಯೂ ಅತಿಥಿಯಾಗಿಯೇ ಉಳಿಯುವನು.

ಹಿರಿಯರು ಕೋಪದಿಂದ ಪತ್ರವ್ಯವಹಾರವನ್ನು ನಿಲ್ಲಿಸಿ ಸಾಧಿಸುವುದೇನೂ ಇಲ್ಲ. ಮಗನೂ ಸೊಸೆಯೂ ಊರಿಗೆ ಬಂದಾಗ ಉಡುಪಿಗೆ ಕರೆದೊಯ್ಯಿರಿ. ಸಂಪ್ರದಾಯದಂತೆ ಮೊದಲು ಚಂದ್ರಮೌಳೀಶ್ವರ, ಅನಂತರ ಅನಂತೇಶ್ವರ, ಬಳಿಕ ಕನಕನ ಕಿಂಡಿಯ ಮುಂದೆ ನಿಂತು ಶ್ರೀಕೃಷ್ಣನ ದರ್ಶನ. ಈ ಕ್ರಮವೇಕೆ ಎಂದು ಸೊಸೆ ಕೇಳಿಯಾಳು. ಉತ್ತರ ಹೇಳಲು ಮಗನಿಗೆ ಮೊದಲೇ ಕಲಿಸಿರಬೇಕಷ್ಟೆ.