ಏರ್ ಫ್ರೈಯರಿನಲ್ಲಿ ಮುಸುಕಿನ ಜೋಳ: ಬೇಯಿಸೋದನ್ನೂ ಕಲಿಯೋಣ, ಲೆಕ್ಕ ಹಾಕೋದನ್ನೂ ಕಲಿಯೋಣ



ಸಂಘದ ಸಭೆಯಲ್ಲಿ ಸಾಲದ ಬೇಡಿಕೆ ಕೇಳುವಾಗ ಹೊಲಿಗೆ ಯಂತ್ರ, ಗ್ರೈಂಡರ್ ಜೊತೆಗೆ ಈಗ ಇನ್ನೊಂದು ಹೆಸರೂ ಬರುತ್ತಿದೆ. ಅದೇ ಏರ್ ಫ್ರೈಯರ್. "ಎಣ್ಣೆ ಬೇಡವಂತೆ, ಹೊಗೆ ಇಲ್ಲವಂತೆ, ಜೋಳದ ತೆನೆ ಸುಟ್ಟು ಮಾರಿದರೆ ಎರಡೇ ತಿಂಗಳಲ್ಲಿ ದುಡ್ಡು ವಾಪಸ್ ಬರುತ್ತಂತೆ" ಎಂಬ ಮಾತು ಕೇಳುತ್ತೇವೆ. ಇದರಲ್ಲಿ ನಿಜ ಎಷ್ಟು? ಈ ಪಾಠದಲ್ಲಿ ತೆನೆ ಬೇಯಿಸುವ ಕ್ರಮವನ್ನೂ, ಸಾಲ ತೆಗೆಯುವ ಮುನ್ನ ಮಾಡಬೇಕಾದ ಲೆಕ್ಕವನ್ನೂ ಒಟ್ಟಿಗೆ ಕಲಿಯೋಣ.

1. ಈ ಯಂತ್ರ ಏನು?

ಫಿಲಿಪ್ಸ್ ಕಂಪನಿ 2010ರಲ್ಲಿ ಈ ಹೆಸರಿನ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಈಗ ಬೇರೆ ಬೇರೆ ಕಂಪನಿಗಳು ಮಾಡುತ್ತವೆ. ಹೆಸರಿನಲ್ಲಿ ಫ್ರೈ ಇದ್ದರೂ ಇದು ಕರಿಯುವುದಿಲ್ಲ. ಮೇಲೆ ಕಾಯುವ ಕಾಯಿಲ್ ಇದೆ, ಅದರ ಬಳಿ ಒಂದು ಫ್ಯಾನ್ ಇದೆ. ಫ್ಯಾನ್ ಬಿಸಿ ಗಾಳಿಯನ್ನು ಬುಟ್ಟಿಯ ಸುತ್ತ ಜೋರಾಗಿ ತಿರುಗಿಸುತ್ತದೆ. ಆ ಗಾಳಿಗೆ ಪದಾರ್ಥ ಬೆಂದು ಮೇಲ್ಭಾಗ ಕೆಂಪಗಾಗುತ್ತದೆ. ಅಂದರೆ ಇದು ಒಂದು ಚಿಕ್ಕ ಒಲೆ ಪೆಟ್ಟಿಗೆ ಎಂದು ತಿಳಿದರೆ ಸಾಕು.

ಒಣ ಗಾಳಿ ಆದ್ದರಿಂದ ಕಾಳಿನ ನೀರು ಬೇಗ ಆರುತ್ತದೆ. ಎಣ್ಣೆ ಪೂರ್ತಿ ಬಿಟ್ಟರೆ ಕಾಳು ಸುಕ್ಕಾಗಿ ಅಗಿಯಲು ಗಟ್ಟಿಯಾಗುತ್ತದೆ. ಹಾಗಾಗಿ ಎರಡು ತೆನೆಗೆ ಒಂದು ಚಮಚ ಎಣ್ಣೆ ಸವರಲೇಬೇಕು.

2. ತೆನೆ ಆರಿಸುವುದು

ದಾವಣಗೆರೆ, ಹಾವೇರಿ, ಶಿವಮೊಗ್ಗ ಕಡೆ ಹೊಲಗಳಲ್ಲಿ ಹೇರಳವಾಗಿ ಬೆಳೆಯುವುದು ಕಾಳಿಗಾಗಿ ಬೆಳೆಯುವ ಮೆಕ್ಕೆಜೋಳ. ಕೆಲವು ಕಡೆ ಇದನ್ನೇ ಗೋವಿನಜೋಳ ಅನ್ನುತ್ತಾರೆ. ಅಂಗಡಿಯಲ್ಲಿ ಸ್ವೀಟ್ ಕಾರ್ನ್ ಎಂದು ಮಾರುವುದು ಬೇರೆ ತಳಿ. ಅದರಲ್ಲಿ ಸಕ್ಕರೆ ಅಂಶ ಹೆಚ್ಚು, ಸಿಪ್ಪೆ ಮೆದು. ಏರ್ ಫ್ರೈಯರಿಗೆ ಸ್ವೀಟ್ ಕಾರ್ನ್ ಚೆನ್ನಾಗಿ ಒಗ್ಗುತ್ತದೆ. ಹೊಲದ ಜೋಳವಾದರೆ ಹಾಲುಗಾಳಿನ ಹಂತದ ಎಳೆ ತೆನೆಯನ್ನೇ ಆರಿಸಬೇಕು. ಉಗುರಿನಿಂದ ಕಾಳು ಒತ್ತಿ ನೋಡಿ. ಹಾಲಿನಂಥ ರಸ ಬಂದರೆ ಸರಿ. ರಸ ಬಾರದೆ ಹಿಟ್ಟು ಹಿಟ್ಟಾಗಿದ್ದರೆ ಅದು ಬಲಿತಿದೆ. ಬಲಿತ ತೆನೆಯನ್ನು ಮೊದಲು ಕುಕ್ಕರಿನಲ್ಲಿ ಬೇಯಿಸಿಯೇ ಯಂತ್ರಕ್ಕೆ ಇಡಬೇಕು.

ತೆನೆ ಕಿತ್ತ ಕೂಡಲೇ ಅದರ ಸಿಹಿ ಕಡಿಮೆಯಾಗಲು ಶುರುವಾಗುತ್ತದೆ. ಸಕ್ಕರೆ ಪಿಷ್ಟವಾಗಿ ಬದಲಾಗುತ್ತದೆ. ಬಿಸಿಲಿನಲ್ಲಿ ಇದು ಇನ್ನೂ ಬೇಗ. ಆದ್ದರಿಂದ ಬೆಳಿಗ್ಗೆ ಕಿತ್ತದ್ದನ್ನು ಮುಸುಕಿನ ಸಮೇತ ನೆರಳಲ್ಲಿಟ್ಟು ಅದೇ ದಿನ ಬಳಸುವುದು ಒಳ್ಳೆಯದು.

3. ಬೇಯಿಸುವ ಕ್ರಮ

ಬೇಕಾಗುವುದು: ಎರಡು ಸ್ವೀಟ್ ಕಾರ್ನ್ ತೆನೆ, ಒಂದು ಚಮಚ ಎಣ್ಣೆ ಅಥವಾ ಬೆಣ್ಣೆ, ಉಪ್ಪು, ಖಾರದ ಪುಡಿ, ಅರ್ಧ ನಿಂಬೆಹಣ್ಣು.

ಮೊದಲು ಮುಸುಕು ತೆಗೆದು, ಕೂದಲಿನಂಥ ಎಳೆಗಳನ್ನು ಪೂರ್ತಿ ಬಿಡಿಸಿ. ಎಳೆ ಉಳಿದರೆ ಫ್ಯಾನಿನ ಗಾಳಿಗೆ ಹಾರಿ ಸುಟ್ಟು ವಾಸನೆ ಬರುತ್ತದೆ. ತೊಳೆದು ಬಟ್ಟೆಯಿಂದ ಒರೆಸಿ. ಬುಟ್ಟಿ ಚಿಕ್ಕದಾದರೆ ತೆನೆಯನ್ನು ಎರಡು ತುಂಡು ಮಾಡಿ. ಎಣ್ಣೆ ಸವರಿ.

ಯಂತ್ರವನ್ನು 200 ಡಿಗ್ರಿಯಲ್ಲಿ 3 ನಿಮಿಷ ಖಾಲಿ ಕಾಯಿಸಿ. ತುಂಡುಗಳನ್ನು ಒಂದರ ಮೇಲೊಂದು ಪೇರಿಸದೆ ಬಿಡಿಬಿಡಿಯಾಗಿ ಇಡಿ. ಗಾಳಿ ಸುತ್ತಲು ಜಾಗ ಬೇಕು. 12ರಿಂದ 15 ನಿಮಿಷ ಬೇಯಿಸಿ. ನಡುವೆ ಒಮ್ಮೆ ಇಕ್ಕಳದಿಂದ ತಿರುವಿ ಹಾಕಿ. ಕಾಳಿನ ಮೇಲೆ ಅಲ್ಲಲ್ಲಿ ಕಂದು ಚುಕ್ಕೆ ಕಂಡರೆ ಆಯಿತು.

ಉಪ್ಪು, ಖಾರ, ನಿಂಬೆರಸ ಹಚ್ಚುವುದು ಹೊರಗೆ ತೆಗೆದ ಮೇಲೆ. ಖಾರದ ಪುಡಿ ಮೊದಲೇ ಹಾಕಿದರೆ ಗಾಳಿಗೆ ಹಾರಿ, ಸುಟ್ಟು, ಬಾಗಿಲು ತೆಗೆದಾಗ ಕಣ್ಣು ಮೂಗು ಉರಿಯುತ್ತದೆ.

ಹಲ್ಲಿಲ್ಲದ ಹಿರಿಯರಿಗೆ ಕಾಳು ಬಿಡಿಸಿ ಸ್ವಲ್ಪ ಜಜ್ಜಿ ಕೊಡಿ. ಪುಟ್ಟ ಮಕ್ಕಳಿಗೆ ಇಡೀ ಕಾಳು ಗಂಟಲಿಗೆ ಸಿಕ್ಕಬಹುದು, ಅರೆದು ಕೊಡಿ. ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ಒಂದು ಮಾತು ನೆನಪಿರಲಿ: ಎಣ್ಣೆ ಕಡಿಮೆಯಾದರೂ ಜೋಳದ ಪಿಷ್ಟ ಕಡಿಮೆಯಾಗುವುದಿಲ್ಲ. ಅರ್ಧ ತೆನೆ ತಿಂದರೆ ಆ ಹೊತ್ತಿನ ಅನ್ನ ಅಥವಾ ರೊಟ್ಟಿಯನ್ನು ಅಷ್ಟು ಕಡಿಮೆ ಮಾಡಬೇಕು.

4. ಕರೆಂಟಿನ ಎಚ್ಚರಿಕೆ

ಸಾಮಾನ್ಯವಾಗಿ ಈ ಯಂತ್ರ 1,200ರಿಂದ 1,700 ವಾಟ್ ಎಳೆಯುತ್ತದೆ. 1,500 ವಾಟ್ ಅಂದರೆ ಆರೂವರೆ ಆಂಪಿಯರ್ ಆಯಿತು. ಆದ್ದರಿಂದ ಫ್ಯಾನ್, ಮೊಬೈಲ್ ಚಾರ್ಜರಿಗೆ ಬಳಸುವ ಚಿಕ್ಕ ಪ್ಲಗ್ಗಿಗೆ ಇದನ್ನು ಹಾಕಬಾರದು. ಗೀಸರಿಗೆ ಹಾಕುವ ದೊಡ್ಡ ಪ್ಲಗ್ ಪಾಯಿಂಟೇ ಬೇಕು. ಅರ್ಥಿಂಗ್ ಸರಿಯಾಗಿರಬೇಕು. ಎಕ್ಸ್‌ಟೆನ್ಶನ್ ಬೋರ್ಡ್ ಬೇಡವೇ ಬೇಡ, ವೈರ್ ಕಾದು ಬೆಂಕಿ ಹತ್ತಬಹುದು. ಹಿಂದುಗಡೆಯಿಂದ ಬಿಸಿ ಗಾಳಿ ಬರುವುದರಿಂದ ಗೋಡೆಯಿಂದ ಒಂದು ಗೇಣು ದೂರ ಇಡಿ. ಖಾಲಿ ಕಾಯಿಸುವಾಗ ಒಳಗೆ ಕಾಗದ ಹಾಕಬೇಡಿ, ಹಾರಿ ಕಾಯಿಲಿಗೆ ತಗುಲುತ್ತದೆ. ತೊಳೆಯುವ ಮುನ್ನ ಪ್ಲಗ್ ಕಿತ್ತು ಆರಲು ಬಿಡಿ. ಸ್ಟೀಲ್ ನಾರಿನಿಂದ ಉಜ್ಜಬೇಡಿ.

ಖರ್ಚು ಎಷ್ಟು? 1,500 ವಾಟಿನ ಯಂತ್ರ 18 ನಿಮಿಷ ಎಡೆಬಿಡದೆ ಉರಿದರೂ ಅರ್ಧ ಯೂನಿಟ್ಟಿಗಿಂತ ಕಡಿಮೆ. ಯೂನಿಟ್ಟಿಗೆ 6 ರೂಪಾಯಿ ಹಿಡಿದರೆ ಒಂದು ಸಲಕ್ಕೆ 3 ರೂಪಾಯಿ ಒಳಗೆ. ಮನೆ ಬಳಕೆಗೆ ಇದು ಹೆಚ್ಚೇನಲ್ಲ. ಆದರೆ 2023ರಲ್ಲಿ ಶುರುವಾದ ಗೃಹಜ್ಯೋತಿ ಯೋಜನೆ ಮನೆ ಬಳಕೆಯ ಕರೆಂಟಿಗೆ ಮಾತ್ರ ಎಂಬುದನ್ನು ಮರೆಯಬಾರದು. ಅದೇ ಮೀಟರಿನಲ್ಲಿ ದಿನವಿಡೀ ವ್ಯಾಪಾರ ಮಾಡುವುದು ಸರಿಯಲ್ಲ.

5. ಮಾರಾಟಕ್ಕೆ ಆಗುತ್ತದೆಯೇ?

ಒಂದು ಲೆಕ್ಕ ಹಾಕೋಣ. ದರಗಳು ಉದಾಹರಣೆಗೆ ಮಾತ್ರ, ನಿಮ್ಮ ಊರಿನ ದರ ಹಾಕಿಕೊಳ್ಳಿ. ತೆನೆಗೆ ಕೊಟ್ಟದ್ದು 12 ರೂಪಾಯಿ. ಮಸಾಲೆ, ನಿಂಬೆ 3 ರೂಪಾಯಿ. ಉರಿ ಅಥವಾ ಕರೆಂಟ್ 2 ರೂಪಾಯಿ. ಒಟ್ಟು 17. ಮಾರುವುದು 30ಕ್ಕೆ. ಉಳಿಯುವುದು 13 ರೂಪಾಯಿ.

ಚಿಕ್ಕ ಏರ್ ಫ್ರೈಯರಿನಲ್ಲಿ ಸಲಕ್ಕೆ ಎರಡೇ ತೆನೆ. ತುಂಬಿ, ತೆಗೆದು ಗಂಟೆಗೆ ಮೂರು ಸಲ ಆದೀತು. ಸಂಜೆ ಎರಡು ಗಂಟೆಯಲ್ಲಿ 12 ತೆನೆ, ಉಳಿಕೆ 156 ರೂಪಾಯಿ. ದೊಡ್ಡ ಪಾತ್ರೆಯಲ್ಲಿ ಬೇಯಿಸಿದರೆ ಒಂದೇ ಸಲಕ್ಕೆ 20 ತೆನೆ. ಎರಡು ಗಂಟೆಯಲ್ಲಿ 40 ಮಾರಿದರೆ 520 ರೂಪಾಯಿ. ಆದರೆ ಬೇಯಿಸಿದ 40ರಲ್ಲಿ 10 ಉಳಿದುಹೋದರೆ? 30ರಿಂದ ಬಂದದ್ದು 390, ಉಳಿದ ಹತ್ತರ ನಷ್ಟ 170. ಕೈಗೆ 220 ಮಾತ್ರ. ಆದ್ದರಿಂದ ಎಷ್ಟು ಬೇಯುತ್ತದೆ ಎನ್ನುವುದಕ್ಕಿಂತ ಎಷ್ಟು ಖರ್ಚಾಗುತ್ತದೆ ಎನ್ನುವುದೇ ಮುಖ್ಯ.

ಇನ್ನೊಂದು ವಿಷಯ. ಬಸ್ ಸ್ಟಾಂಡಿನಲ್ಲಿ ಮಳೆಗಾಲದ ಸಂಜೆ ಜನ ನಿಲ್ಲುವುದು ಕೆಂಡದ ಘಮಕ್ಕೆ. ಆ ಘಮ ಏರ್ ಫ್ರೈಯರ್ ಕೊಡುವುದಿಲ್ಲ. ಕೆಂಡದಲ್ಲಿ ಸುಡುವವರು ಬಯಲಲ್ಲಿ, ಗಾಳಿಗೆ ಬೆನ್ನು ಮಾಡಿ ಕೂರಬೇಕು. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿಸಿದರೆ ಅದರ ವಿಷಗಾಳಿ ಪ್ರಾಣ ತೆಗೆಯುತ್ತದೆ.

ಹೇಗೇ ಮಾರಿದರೂ 2006ರ ಆಹಾರ ಸುರಕ್ಷತಾ ಕಾಯ್ದೆಯ ಪ್ರಕಾರ ಸಣ್ಣ ವ್ಯಾಪಾರಿಯೂ ನೋಂದಣಿ ಮಾಡಿಸಬೇಕು. ನ್ಯೂಸ್ ಪೇಪರಿನಲ್ಲಿ ಸುತ್ತಿ ಕೊಡಬೇಡಿ, ಅದರ ಶಾಯಿ ಒಳ್ಳೆಯದಲ್ಲ. ತೊಳೆದ ಹಸಿರು ಮುಸುಕೇ ಚೆಂದದ ತಟ್ಟೆ. ದುಡ್ಡೂ ಬೇಡ.

6. ಸಾಲಕ್ಕೆ ಸಹಿ ಹಾಕುವ ಮುನ್ನ

5,000 ರೂಪಾಯಿ ಯಂತ್ರಕ್ಕೆ ಸಂಘದಿಂದ ಸಾಲ ಪಡೆದು ತಿಂಗಳಿಗೆ 500ರಂತೆ 10 ಕಂತು ಕಟ್ಟುತ್ತೇವೆ ಎಂದುಕೊಳ್ಳೋಣ. ನೂರಕ್ಕೆ 1 ರೂಪಾಯಿಯಂತೆ, ಉಳಿದ ಅಸಲಿನ ಮೇಲೆ ಮಾತ್ರ ಬಡ್ಡಿ. ಮೊದಲ ತಿಂಗಳು 50, ಆಮೇಲೆ 45, ಹೀಗೆ ಇಳಿದು ಕೊನೆಗೆ 5. ಒಟ್ಟು ಬಡ್ಡಿ 275 ರೂಪಾಯಿ. ಅದೇ ಹೊರಗೆ ನೂರಕ್ಕೆ 2 ರೂಪಾಯಿಯಂತೆ, ಪೂರ್ತಿ ಅಸಲಿನ ಮೇಲೆ ಹತ್ತು ತಿಂಗಳೂ ಬಡ್ಡಿ ಹಾಕಿದರೆ 1,000 ರೂಪಾಯಿ. ವ್ಯತ್ಯಾಸ 725. "ಬಡ್ಡಿ ಇಲ್ಲದ ಕಂತು" ಎಂದು ಅಂಗಡಿಯವರು ಹೇಳಿದರೆ ಬೇರೆ ಶುಲ್ಕ ಎಷ್ಟು ಎಂದು ಬರೆಸಿಕೊಳ್ಳಿ.

ಮೊದಲ ಕಂತು 550 ಕಟ್ಟಲು 13 ರೂಪಾಯಿ ಲಾಭದ 43 ತೆನೆ ಮಾರಬೇಕು. ಕಂತು ಕಟ್ಟಿದ ಮೇಲೆ ಉಳಿದದ್ದೇ ನಮ್ಮ ಆದಾಯ.

ನಮ್ಮ ಸಲಹೆ ಇಷ್ಟು: ಮನೆಯಲ್ಲಿ ಕರಿದ ತಿಂಡಿ ಕಡಿಮೆ ಮಾಡಬೇಕು ಅನ್ನುವವರು ತಮ್ಮ ಉಳಿತಾಯದ ಹಣದಿಂದ ಕೊಳ್ಳಲಿ. ಆದರೆ ಅದನ್ನು ಆದಾಯದ ಸಾಲ ಎಂದು ಬರೆಸಬಾರದು. ಮಾರಾಟ ಮಾಡಬೇಕು ಅನ್ನುವವರು ಮೊದಲು ಇದ್ದ ಪಾತ್ರೆಯಲ್ಲೇ ಬೇಯಿಸಿ ನಾಲ್ಕು ಸಂತೆ ಮಾರಿ ನೋಡಲಿ. ಪ್ರತಿ ಸಂತೆಯ ಖರ್ಚು, ಮಾರಾಟ, ಉಳಿಕೆ ಪುಸ್ತಕದಲ್ಲಿ ಬರೆಯಲಿ. ಆ ಪುಸ್ತಕ ನೋಡಿ ಸಂಘ ಸಾಲ ತೀರ್ಮಾನಿಸಲಿ.

ಸಭೆಯಲ್ಲಿ ಚರ್ಚಿಸಿ

• ನಮ್ಮ ಊರಿನಲ್ಲಿ ಎಳೆ ತೆನೆ ಯಾವ ತಿಂಗಳು, ಯಾವ ದರಕ್ಕೆ ಸಿಗುತ್ತದೆ?
• ನಮ್ಮ ಮನೆಯಲ್ಲಿ ದೊಡ್ಡ ಪ್ಲಗ್ ಪಾಯಿಂಟ್, ಅರ್ಥಿಂಗ್ ಇದೆಯೇ?
• ಕಳೆದ ವರ್ಷ ಸಾಲದಲ್ಲಿ ಕೊಂಡ ಯಾವ ಸಾಮಾನು ಆದಾಯ ತಂದಿತು? ಯಾವುದು ಅಟ್ಟ ಸೇರಿತು?
• ಮುಂದಿನ ಸಭೆಗೆ ಪ್ರತಿಯೊಬ್ಬರೂ ತಾವು ಮಾಡುವ ಒಂದು ತಿಂಡಿಯ ಖರ್ಚು ಮತ್ತು ಉಳಿಕೆಯ ಲೆಕ್ಕ ಬರೆದು ತನ್ನಿ. ಬರೆಯಲು ಬಾರದವರು ಮಗಳ ಹತ್ತಿರವೋ ಪಕ್ಕದ ಸದಸ್ಯೆಯ ಹತ್ತಿರವೋ ಬರೆಸಿಕೊಳ್ಳಿ, ಆದರೆ ಲೆಕ್ಕ ಮಾತ್ರ ನಿಮ್ಮದೇ ಬಾಯಿಂದ ಬರಲಿ.