ಹಳ್ಳವೋ? ಗಟಾರವೋ?

ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯ ಮಕ್ಕಳಿಗೆ ಹುಬ್ಬಳ್ಳಿ ದೂರದ ಊರೇನಲ್ಲ. ರಾಕ್ ಗಾರ್ಡನ್ ಮುಂದಿನ ಹೆದ್ದಾರಿಯಲ್ಲಿ ಉತ್ತರದ ಕಡೆಗೆ ಹೋಗುವ ಬಸ್ಸು ಹತ್ತಿದರೆ ಸಾಕು. ಈ ತಾಲ್ಲೂಕಿಗೂ ಹುಬ್ಬಳ್ಳಿಗೂ ನೀರಿನ ನಂಟೂ ಇದೆ. ಇದೇ ತಾಲ್ಲೂಕಿನ ದುಂಡಸಿಯ ಬಳಿ ಹುಟ್ಟುವ ಬೆಣ್ಣಿಹಳ್ಳವು ಹುಬ್ಬಳ್ಳಿ, ನವಲಗುಂದ ಸೀಮೆಯನ್ನು ಹಾದು ಮಲಪ್ರಭಾ ನದಿಯನ್ನು ಸೇರುತ್ತದೆ. ದಾರಿಯಲ್ಲಿ ಹುಬ್ಬಳ್ಳಿ ನಗರದ ನೀರೂ ಅದಕ್ಕೆ ಬಂದು ಕೂಡುತ್ತದೆ. ಆ ನೀರು ಎಂಥದ್ದು? ಬನ್ನಿ, ನೋಡೋಣ.

ಹುಬ್ಬಳ್ಳಿಯಿಂದ ಧಾರವಾಡಕ್ಕೆ ‘ಚಿಗರಿ’ ಬಸ್ಸಿನಲ್ಲಿ ಹೋಗುವಾಗ ರಸ್ತೆಯ ಪಕ್ಕದಲ್ಲೇ ಉಣಕಲ್ ಕೆರೆ ಕಾಣಿಸುತ್ತದೆ. ಕೆರೆ ತುಂಬಿದಾಗ ಹೆಚ್ಚಾದ ನೀರು ಹೊರಗೆ ಹೋಗಲು ದಾರಿ ಬೇಕಲ್ಲವೇ? ಆ ದಾರಿಯೇ ಉಣಕಲ್ ನಾಲಾ. ಅದು ಹುಬ್ಬಳ್ಳಿಯ ಹಲವು ಬಡಾವಣೆಗಳ ನಡುವೆ ಹರಿಯುತ್ತದೆ. ಮೊದಲು ಅದು ಮಳೆನೀರಿನ ಹಳ್ಳವಾಗಿತ್ತು. ಊರು ಬೆಳೆದಂತೆ ಬಚ್ಚಲ ನೀರು, ಪಾಯಖಾನೆಯ ನೀರು, ಪ್ಲಾಸ್ಟಿಕ್ ಚೀಲ, ಒಡೆದ ಇಟ್ಟಿಗೆ ಎಲ್ಲವೂ ಅದರ ಪಾಲಿಗೆ ಬಂದವು. ಜನ ಮೂಗು ಮುಚ್ಚಿಕೊಂಡು ದಾಟುವ ಗಟಾರವಾಯಿತು. ದಡದ ಮನೆಗಳ ಮಕ್ಕಳಿಗೆ ಸೊಳ್ಳೆಯ ಕಾಟ ಬೇರೆ.

ಊರು ಬೆಳೆದಾಗ ಇನ್ನೂ ಒಂದು ಬದಲಾವಣೆ ಆಗುತ್ತದೆ. ಅದು ಕಣ್ಣಿಗೆ ಬೇಗ ಕಾಣುವುದಿಲ್ಲ. ಒಂದು ಲೆಕ್ಕ ಮಾಡಿ. 1 ಚದರ ಮೀಟರ್ ಜಾಗದ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ ಅದು 1 ಲೀಟರ್ ನೀರು. ನಿಮ್ಮ ತರಗತಿಯ ಮಾಳಿಗೆ 8 ಮೀಟರ್ ಉದ್ದ, 6 ಮೀಟರ್ ಅಗಲ ಇದೆ ಎನ್ನಿ. ಅಂದರೆ 48 ಚದರ ಮೀಟರ್. ಒಂದು ಸಂಜೆ 25 ಮಿಲಿಮೀಟರ್ ಮಳೆ ಸುರಿದರೆ 1,200 ಲೀಟರ್ ನೀರು! 15 ಲೀಟರಿನ ಕೊಡದಲ್ಲಿ ತುಂಬಿದರೆ 80 ಕೊಡ. ಇದು ಒಂದೇ ಕೋಣೆಯ ಲೆಕ್ಕ. ಒಂದು ನಗರದ ಮಾಳಿಗೆ, ರಸ್ತೆ, ಸಿಮೆಂಟ್ ಅಂಗಳಗಳನ್ನೆಲ್ಲ ಸೇರಿಸಿದರೆ ಎಷ್ಟಾಗಬಹುದು, ನೀವೇ ಊಹಿಸಿ.

ಈಗ ಶಾಲೆಯ ಅಂಗಳದಲ್ಲಿ ಒಂದು ಪ್ರಯೋಗ. ಸ್ವಲ್ಪ ಇಳಿಜಾರಾದ ಸಿಮೆಂಟ್ ನೆಲದ ಮೇಲೆ ಒಂದು ತಂಬಿಗೆ ನೀರನ್ನು ನಿಧಾನವಾಗಿ ಸುರಿಯಿರಿ. ಅಷ್ಟೇ ನೀರನ್ನು ಹುಲ್ಲು ಬೆಳೆದ ಇಳಿಜಾರಿನಲ್ಲೂ ಸುರಿಯಿರಿ. ಎರಡೂ ಕಡೆ ನೀರು ಎಷ್ಟು ದೂರ ಹರಿಯಿತು, ಎಷ್ಟು ಬೇಗ ಹರಿಯಿತು ಎಂದು ಅಳೆದು ಬರೆದುಕೊಳ್ಳಿ. ಹುಲ್ಲಿನ ಎಲೆಗಳು ನೀರಿನ ಓಟಕ್ಕೆ ಅಡ್ಡ ಬರುತ್ತವೆ. ಬೇರುಗಳು ಮಣ್ಣನ್ನು ಸಡಿಲವಾಗಿ ಇಡುವುದರಿಂದ ಸಂದುಗಳಲ್ಲಿ ನೀರು ಇಂಗುತ್ತದೆ. ಸಿಮೆಂಟಿನ ಮೇಲೆ ಇದಾವುದೂ ಇಲ್ಲ. ನೀರೆಲ್ಲ ಒಮ್ಮೆಗೇ ನಾಲೆಗೆ ಧುಮುಕುತ್ತದೆ.

ಹಾಗಾದರೆ ನಾಲೆಯನ್ನು ಆಳ ಮಾಡಿ, ಎರಡೂ ಕಡೆ ಕಾಂಕ್ರೀಟ್ ಗೋಡೆ ಕಟ್ಟಿದರೆ ಆಯಿತಲ್ಲ ಎನ್ನುತ್ತೀರಾ? ಬಹಳ ಊರುಗಳಲ್ಲಿ ಹಾಗೆಯೇ ಮಾಡಿದ್ದಾರೆ. ಆಗ ಆ ಓಣಿಯ ನೀರು ಬೇಗ ಖಾಲಿಯಾಗುತ್ತದೆ, ನಿಜ. ಆದರೆ ಕೆಳಗಿನ ಊರಿಗೆ ಅದು ಅಷ್ಟೇ ಬೇಗ ಹೋಗಿ ಬೀಳುತ್ತದೆ. ಬೆಣ್ಣಿಹಳ್ಳದ ಕೆಳಭಾಗದಲ್ಲಿ ಸಮತಟ್ಟಾದ ಎರೆಭೂಮಿ ಇದೆ. ಎರೆಮಣ್ಣು ನೆನೆದರೆ ಉಬ್ಬಿ, ಬಿರುಕುಗಳೆಲ್ಲ ಮುಚ್ಚಿಕೊಂಡು, ನೀರು ಇಂಗುವುದು ನಿಧಾನವಾಗುತ್ತದೆ. ಹಳ್ಳ ಉಕ್ಕಿ ನವಲಗುಂದ ಸೀಮೆಯ ಹೊಲಗಳಿಗೆ ನುಗ್ಗುವುದು ಅಲ್ಲಿನ ರೈತರಿಗೆ ಹೊಸದಲ್ಲ. 2019ರ ಆಗಸ್ಟ್‌ನಲ್ಲೂ ಹಾಗಾಯಿತು. ಇದಕ್ಕೆ ನಗರವೊಂದೇ ಕಾರಣವಲ್ಲ. ಆದರೂ ಮೇಲಿನವರು ಬಿಟ್ಟ ನೀರನ್ನು ಕೆಳಗಿನವರು ಉಣ್ಣಬೇಕು.

ಉಣಕಲ್ ನಾಲೆಗೆ ಬೇರೊಂದು ದಾರಿ ಹುಡುಕಿದರು. 2018ರಲ್ಲಿ ಆರಂಭವಾದ ‘ಸಿಟೀಸ್’ ಎಂಬ ಯೋಜನೆಗೆ ದೇಶದ 12 ನಗರಗಳು ಆಯ್ಕೆಯಾದವು. ಅವುಗಳಲ್ಲಿ ಹುಬ್ಬಳ್ಳಿ–ಧಾರವಾಡವೂ ಒಂದು. ಫ್ರಾನ್ಸ್ ದೇಶದ ಅಭಿವೃದ್ಧಿ ಸಂಸ್ಥೆ ಮತ್ತು ಯುರೋಪಿಯನ್ ಒಕ್ಕೂಟ ಇದಕ್ಕೆ ನೆರವು ನೀಡಿದವು. ಇಲ್ಲಿ ಕೈಗೆತ್ತಿಕೊಂಡ ಕೆಲಸದ ಹೆಸರು ಹಸಿರು ಸಂಚಾರ ಮಾರ್ಗ. ನಾಲೆಯ ದಡಗುಂಟ ನಡೆಯುವವರಿಗೆ ಹಾದಿ, ಸೈಕಲ್ಲಿಗೆ ಹಾದಿ, ಪಕ್ಕದಲ್ಲಿ ಗಿಡಮರ. ಊರಿಗೆ ಬೆನ್ನು ತೋರಿಸಿದ್ದ ನಾಲೆಯನ್ನು ಮತ್ತೆ ಊರಿನ ಮುಖವಾಗಿಸುವ ಯೋಚನೆ ಇದು. ಶಾಲೆಗೆ ಸೈಕಲ್ ತುಳಿಯುವ ಮಕ್ಕಳಿಗೆ ಲಾರಿ, ಬಸ್ಸುಗಳ ಭಯವಿಲ್ಲದ ದಾರಿ ಸಿಗುವುದು ಸಣ್ಣ ಮಾತಲ್ಲ.

ದಡದ ಗಿಡಗಳು ಚೆಂದಕ್ಕೆ ಮಾತ್ರವೇ? ಅಲ್ಲ. ಮಣ್ಣಿನ ಹರವಿಯ ನೀರು ತಣ್ಣಗಿರುವುದು ಏಕೆ ಎಂದು ನೀವು ಓದಿದ್ದೀರಿ. ಎಲೆಗಳಿಂದ ನೀರು ಆವಿಯಾಗುವಾಗಲೂ ಹಾಗೆಯೇ ಸುತ್ತಲಿನ ಶಾಖ ಕಡಿಮೆಯಾಗುತ್ತದೆ. ಜೊಂಡುಹುಲ್ಲಿನಂಥ ಜೌಗಿನ ಗಿಡಗಳದ್ದು ಇನ್ನೂ ದೊಡ್ಡ ಕೆಲಸ. ಅವುಗಳ ಬೇರಿಗೆ ಅಂಟಿಕೊಂಡು ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳು ಬದುಕುತ್ತವೆ, ನೀರಿನ ಕೊಳೆಯನ್ನು ತಿಂದು ಒಡೆಯುತ್ತವೆ. ಆದರೆ ಅವುಗಳ ಹೊಟ್ಟೆಗೂ ಒಂದು ಮಿತಿ ಇದೆ. ಇಡೀ ಊರಿನ ಪಾಯಖಾನೆ ನೀರನ್ನು ಬಿಟ್ಟರೆ ಅವೂ ಸೋಲುತ್ತವೆ. ಮೊದಲು ಕೊಳಚೆಯನ್ನು ಬೇರೆ ಕೊಳವೆಯಲ್ಲಿ ಒಯ್ದು ಶುದ್ಧೀಕರಣ ಘಟಕಕ್ಕೆ ಸೇರಿಸಬೇಕು. ಅದು ಆಗದೆ ದಡದಲ್ಲಿ ತೋಟ ಮಾಡಿದರೆ, ಸ್ನಾನ ಮಾಡದೆ ಪೌಡರ್ ಹಚ್ಚಿಕೊಂಡಂತೆ!

ದಕ್ಷಿಣ ಕೊರಿಯಾದ ರಾಜಧಾನಿ ಸೋಲ್‌ನಲ್ಲಿ ಒಂದು ಹಳ್ಳವನ್ನು ಮುಚ್ಚಿ, ಅದರ ಮೇಲೆ ಎತ್ತರದ ಹೆದ್ದಾರಿ ಕಟ್ಟಿದ್ದರು. 2003ರಲ್ಲಿ ಆ ಹೆದ್ದಾರಿಯನ್ನೇ ಕೆಡವಲು ಶುರುಮಾಡಿ, 2005ರಲ್ಲಿ ಸುಮಾರು 6 ಕಿಲೋಮೀಟರ್ ಹಳ್ಳವನ್ನು ಮತ್ತೆ ತೆರೆದರು. ಬೇಸಿಗೆಯಲ್ಲಿ ಅದರ ದಡ ಪಕ್ಕದ ರಸ್ತೆಗಳಿಗಿಂತ ತಂಪು. ಒಂದು ಮಾತು ಮಾತ್ರ ನೆನಪಿರಲಿ: ಅಲ್ಲಿ ಹರಿಯುವ ನೀರಿನ ಬಹುಪಾಲು ಪಂಪಿನಿಂದ ಎತ್ತಿ ತಂದದ್ದು. ಒಮ್ಮೆ ಹಳ್ಳವನ್ನು ಕಳೆದುಕೊಂಡರೆ ಮರಳಿ ಪಡೆಯುವ ಖರ್ಚು ಅಷ್ಟಿಷ್ಟಲ್ಲ.

ಮುಂದಿನ ಮಳೆಯ ದಿನ ನೀವು ಮಾಡಬಹುದಾದ ಕೆಲಸ ಇದು. ಶಾಲೆಯ ಮಾಳಿಗೆಯಿಂದ ಬಿದ್ದ ನೀರು ಎಲ್ಲಿ ಇಂಗುತ್ತದೆ, ಎಲ್ಲಿ ನಿಲ್ಲುತ್ತದೆ, ಕೊನೆಗೆ ಯಾವ ಹಳ್ಳ ಅಥವಾ ಕೆರೆ ಸೇರುತ್ತದೆ ಎಂದು ಗಮನಿಸಿ. ಮಳೆ ನಿಂತ ಮೇಲೆ ಆ ದಾರಿಯ ನಕ್ಷೆ ಬರೆದು, ಅದಕ್ಕೆ ಬಚ್ಚಲ ನೀರು ಸೇರುವ ಜಾಗಗಳಿದ್ದರೆ ಕೆಂಪು ಗುರುತು ಹಾಕಿ ನಿಮ್ಮ ವಿಜ್ಞಾನ ಶಿಕ್ಷಕರಿಗೆ ತೋರಿಸಿ.