ಚಿಕ್ಕ ಮಕ್ಕಳ ಪುಸ್ತಕಾಲಯವೂ ಅದರ ಪಾಲಕಿಯೂ



ಚಿಕ್ಕಬಳ್ಳಾಪುರದ ಸಮೀಪದ ಮುದ್ದೇನಹಳ್ಳಿಗೆ ನಾವು ಒಮ್ಮೆ ನಾಲ್ಕನೆಯ ತರಗತಿಯ ಬಾಲಿಕೆಯರನ್ನು ಕರೆದುಕೊಂಡು ಹೋಗಿದ್ದೆವು. 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ಊರದು. ಅಲ್ಲಿ ಅವರ ಸ್ಮಾರಕವಾದ ವಸ್ತುಸಂಗ್ರಹಾಲಯವಿದೆ. ಅವರ ಕನ್ನಡಕ, ಬಟ್ಟಲು ಮುಂತಾದವುಗಳನ್ನು ಜೋಪಾನವಾಗಿ ಇರಿಸಿದ್ದಾರೆ. ಮಕ್ಕಳು ಕೈಕಟ್ಟಿಕೊಂಡು ನೋಡಿದರು. ಹೊರಗೆ ಬಂದ ಮೇಲೆ ಒಬ್ಬ ಬಾಲಿಕೆಯು, “ಮಿಸ್, ಇದು ನಮ್ಮ ಶಾಲೆಯ ಪುಸ್ತಕದ ಬೀರುವಿನ ಹಾಗೆಯೇ ಇದೆ, ನೋಡಬಹುದು, ಮುಟ್ಟಬಾರದು” ಎಂದಳು.

ಆ ಮಾತು ನಮ್ಮ ಮನಸ್ಸಿಗೆ ನಾಟಿತು. ಯಾಕಂದರೆ ಅದು ನಿಜವಾಗಿತ್ತು. ಪ್ರಾಥಮಿಕ ವಿಭಾಗದ ಪುಸ್ತಕಗಳು ಗಾಜಿನ ಬೀರುವಿನಲ್ಲಿದ್ದವು. ಬೀಗದ ಕೈ ನಮ್ಮ ಮೇಜಿನಲ್ಲಿತ್ತು. ವರುಷದ ಕೊನೆಯಲ್ಲಿ ಒಂದು ಪುಸ್ತಕವೂ ಕಳೆದಿಲ್ಲವೆಂದು ಸಂತೋಷಪಡುತ್ತಿದ್ದೆವು. ಎಷ್ಟು ಪುಸ್ತಕಗಳನ್ನು ಮಕ್ಕಳು ಓದಿದರೆಂಬ ಲೆಕ್ಕವನ್ನು ಮಾತ್ರ ನಾವು ಎಂದೂ ಇಟ್ಟಿರಲಿಲ್ಲ.

ಈ ವಿಷಯದಲ್ಲಿ ನಮಗೆ ಗುರುಗಳಾಗತಕ್ಕವರು ಎಸ್. ಆರ್. ರಂಗನಾಥನ್ ಅವರು. ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ಕಲಿತು ಗಣಿತದ ಉಪಾಧ್ಯಾಯರಾಗಿದ್ದ ಇವರು 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. 1931ರಲ್ಲಿ ಗ್ರಂಥಾಲಯದ ಐದು ಸೂತ್ರಗಳನ್ನು ಪ್ರಕಟಿಸಿದರು. 1962ರಲ್ಲಿ ಬೆಂಗಳೂರಿನಲ್ಲಿ ಈ ವಿದ್ಯೆಯ ಸಂಶೋಧನೆಗೂ ಶಿಕ್ಷಣಕ್ಕೂ ಒಂದು ಕೇಂದ್ರವನ್ನು ಸ್ಥಾಪಿಸಿದರು. ಪುಸ್ತಕವು ಬಳಸುವ ವಸ್ತುವೇ ಹೊರತು ಕಾಪಿಡುವ ವಸ್ತುವಲ್ಲವೆಂಬುದೇ ಅವರ ಮೊದಲನೆಯ ಸೂತ್ರದ ಸಾರ.

ಸರಕಾರದ ಅನುದಾನವಿಲ್ಲದೆ ನಡೆಯುವ ಪ್ರಾಥಮಿಕ ಶಾಲೆಯಲ್ಲಿ ಪುಸ್ತಕಾಲಯಕ್ಕೆ ಪ್ರತ್ಯೇಕ ಸಂಬಳ ಕೊಡುವುದು ಸುಲಭವಲ್ಲ. ಆದುದರಿಂದ ಒಬ್ಬ ಉಪಾಧ್ಯಾಯಿನಿಯ ಪಾಠಗಳನ್ನು ಕಡಿಮೆಮಾಡಿ ಆಕೆಯನ್ನು ಪುಸ್ತಕಪಾಲಕಿಯಾಗಿ ನೇಮಿಸಿದೆವು. ಆಕೆಯ ಕೆಲಸಗಳು ನಾಲ್ಕು.

ಮೊದಲನೆಯದು, ಆರಿಸುವುದು. ನಮ್ಮ ಸೀಮೆಯ ಅನೇಕ ಮನೆಗಳಲ್ಲಿ ತೆಲುಗು ಮಾತು. ಮಕ್ಕಳು ಕನ್ನಡವನ್ನು ಶಾಲೆಯಲ್ಲಿ ಕಲಿಯುತ್ತಾರೆ. ಅಂಥವರಿಗೆ ದೊಡ್ಡ ಅಕ್ಷರವೂ ಚಿತ್ರವೂ ಇರುವ ಪುಸ್ತಕಗಳು ಬೇಕು. ಓದು ಬಂದವರಿಗೆ ಪಂಜೆ ಮಂಗೇಶರಾಯರು, ಜಿ. ಪಿ. ರಾಜರತ್ನಂ ಮೊದಲಾದವರು ಮಕ್ಕಳಿಗಾಗಿ ಬರೆದವುಗಳಿವೆ.

ಎರಡನೆಯದು, ಜೋಡಿಸುವುದು. ಮೆಲ್ವಿಲ್ ಡ್ಯೂಯಿ ಎಂಬವರು 1876ರಲ್ಲಿ ಪ್ರಕಟಿಸಿದ ದಶಮಾಂಶ ಪದ್ಧತಿಯಲ್ಲಿ ಜನಪದ ಕಥೆಗಳಿಗೆ 398 ಎಂಬ ಸಂಖ್ಯೆಯ ಸ್ಥಾನವಿದೆ. ಎಂಟು ವರುಷದ ಮಗುವಿಗೆ ದಶಮಾಂಶವೇ ತಿಳಿಯದು! ಆದುದರಿಂದ ಕಥೆಗೆ ಕೆಂಪು, ಪ್ರಾಣಿಗಳಿಗೆ ಹಸುರು, ದೊಡ್ಡವರ ಚರಿತ್ರೆಗೆ ಹಳದಿ ಪಟ್ಟಿಯನ್ನು ಬೆನ್ನಿಗೆ ಅಂಟಿಸಿ, ಮಕ್ಕಳ ಕೈಗೆಟಕುವ ತಗ್ಗಾದ ಹಲಗೆಗಳ ಮೇಲೆ ಇಟ್ಟಿದ್ದೇವೆ.

ಮೂರನೆಯದು, ಮನೆಗೆ ಕೊಟ್ಟು ಹಿಂದಕ್ಕೆ ಪಡೆಯುವುದು. ವಾರಕ್ಕೊಂದು ಪುಸ್ತಕ, ಮಗುವು ತಾನೇ ಪುಸ್ತಕದಲ್ಲಿ ಹೆಸರು ಬರೆಯತಕ್ಕದ್ದು.

ನಾಲ್ಕನೆಯದು, ಗಟ್ಟಿಯಾಗಿ ಓದಿ ಹೇಳುವುದು. ಇದೇ ಎಲ್ಲಕ್ಕಿಂತ ಮುಖ್ಯವಾದದ್ದು. ಕಥೆಯನ್ನು ಅರ್ಧಕ್ಕೆ ನಿಲ್ಲಿಸಿ ಪುಸ್ತಕವನ್ನು ಮೇಜಿನ ಮೇಲಿಟ್ಟರೆ, ಉಳಿದರ್ಧವನ್ನು ಮಕ್ಕಳು ತಾವೇ ಹುಡುಕಿ ಓದುತ್ತಾರೆ.

ಮೊದಲನೆಯ ವರುಷ ಅನೇಕ ಪುಸ್ತಕಗಳು ಹರಿದವು, ಕೆಲವು ಹಿಂದಿರುಗಲಿಲ್ಲ. ಪರೀಕ್ಷೆಯ ಕಾಲದಲ್ಲಿ ಕಥೆಪುಸ್ತಕ ಕೊಡಬೇಡಿರೆಂದು ಒಬ್ಬ ತಂದೆಯವರು ಪತ್ರ ಬರೆದರು. ಬೀಗವನ್ನು ಮತ್ತೆ ಹಾಕೋಣವೇ ಎಂದು ನಾವೂ ಯೋಚಿಸಿದ್ದುಂಟು. ಆದರೆ ಪಾಠವನ್ನು ಅಕ್ಷರಕ್ಕಕ್ಷರ ಕೂಡಿಸಿ ತಡವರಿಸುತ್ತಿದ್ದ ಆತನ ಮಗಳೇ ಕಥೆಯ ಆಸೆಯಿಂದ ಪುಟದ ಮೇಲೆ ಪುಟ ಓದುವುದನ್ನು ಕಂಡೆವು. ಸರಾಗವಾದ ಓದು ಬರುವುದು ಸುಲಭವಾದದ್ದನ್ನು ಬಹಳವಾಗಿ ಓದುವುದರಿಂದಲೇ. ಇದನ್ನು ತಂದೆಯವರಿಗೆ ತಿಳಿಸಿ, ಮಗಳಿಂದಲೇ ಒಂದು ಪುಟ ಓದಿಸಿದೆವು. ಅವರು ಆ ಪುಸ್ತಕವನ್ನು ತಾವೇ ಮನೆಗೆ ತೆಗೆದುಕೊಂಡು ಹೋದರು.

ತಾಯಿತಂದೆಗಳೇ, ಹಾಳೆ ಹರಿದರೆ ಮಗುವನ್ನು ಹೊಡೆಯಬೇಡಿರಿ. ಚೂರುಗಳನ್ನು ಕಳುಹಿಸಿರಿ, ನಮ್ಮಲ್ಲಿ ಗೋಂದು ಇದೆ. ರಜೆಯಲ್ಲಿ ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ ಕರೆದುಕೊಂಡು ಹೋಗಿರಿ. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮವು ಅಲ್ಲಿ ಮಕ್ಕಳಿಗೆ ಶುಲ್ಕವಿಲ್ಲದೆ ಸದಸ್ಯತ್ವ ಕೊಡುವುದಕ್ಕಾಗಿಯೇ ಹುಟ್ಟಿತು. ಹಳೆಯ ವಿದ್ಯಾರ್ಥಿನಿಯರೇ, ನೀವು ಓದಬೇಕಾಗಿದ್ದ ವಯಸ್ಸಿನಲ್ಲಿ ಆ ಬೀರುವನ್ನು ನಾವು ತೆರೆಯಲಿಲ್ಲ, ಅದಕ್ಕಾಗಿ ವ್ಯಸನಪಡುತ್ತೇವೆ. ಈಗ ಅದು ತೆರೆದಿದೆ. ಒಂದು ಮಧ್ಯಾಹ್ನ ಬಂದು ನಿಮ್ಮ ತಂಗಿಯರಿಗೆ ಒಂದು ಕಥೆಯನ್ನು ಓದಿ ಹೇಳಿರಿ.